ಡೇರಿ, ಖಾಸಗಿ, ವರ್ತನೆ: ಒಂದೇ ಕ್ಯಾನಿನ ಹಾಲಿಗೆ ಮೂರು ಲೆಕ್ಕ

ಸರ್ಕಾರವೂ ಖಾಸಗಿಯವರೂ ಒಟ್ಟಿಗೆ ವ್ಯವಹಾರ ನಡೆಸುವ ಮಿಶ್ರ ಅರ್ಥವ್ಯವಸ್ಥೆ ಎಂದರೆ ಪಠ್ಯಪುಸ್ತಕಗಳು ಉಕ್ಕಿನ ಕಾರ್ಖಾನೆ, ರೈಲ್ವೆ, ಬ್ಯಾಂಕು ಎಂದು ಹೇಳಿ ಮುಗಿಸುತ್ತವೆ. ಕರ್ನಾಟಕದ ಹಳ್ಳಿಗಳಲ್ಲಿ ಅದು ದಿನಕ್ಕೆರಡು ಹೊತ್ತು ಕಣ್ಣೆದುರಿಗೇ ನಡೆಯುತ್ತದೆ. ಕರೆದ ಹಾಲನ್ನು ಸಹಕಾರ ಸಂಘದ ಡೇರಿಗೆ ಹಾಕಬಹುದು, ಖಾಸಗಿ ಕಂಪನಿಯ ಸಂಗ್ರಹ ಕೇಂದ್ರಕ್ಕೆ ಕೊಡಬಹುದು, ಇಲ್ಲವೇ ಪೇಟೆಯ ಮನೆಗಳಿಗೆ, ಹೋಟೆಲಿಗೆ ವರ್ತನೆ, ಅಂದರೆ ದಿನವೂ ಗೊತ್ತು ಮಾಡಿದಷ್ಟು ಹಾಲು, ಹಾಕಬಹುದು. ಮೊದಲನೆಯದರಲ್ಲಿ ಸದಸ್ಯರ ಒಡೆತನ ಇದೆ, ಜೊತೆಗೆ ಸರ್ಕಾರದ ಕೈಯೂ ಇದೆ. ಎರಡನೆಯದು ಪೂರಾ ಬಂಡವಾಳದ ವ್ಯವಹಾರ. ಮೂರನೆಯದು ಕೈಯಿಂದ ಕೈಗೆ ನೇರ ಮಾರಾಟ. ಎರಡು ಮೂರು ಹಸು ಕಟ್ಟಿದವರು ಮೂರೂ ಕಡೆ ಹಾಲು ಹಾಕಿ, ಚೀಟಿಗಳನ್ನು ಎದುರಿಗಿಟ್ಟುಕೊಂಡು ಕೂಡಿಸಿ ಕಳೆದರೆ ತಿಳಿಯುವ ಸಂಗತಿಗಳು ಇಲ್ಲಿವೆ.

ಮೊದಲು ಅಳತೆ, ಆಮೇಲೆ ದರ. ಹೆಚ್ಚಿನವರು ಇದನ್ನು ತಿರುವುಮುರುವು ಮಾಡಿ ಮೋಸ ಹೋಗುತ್ತಾರೆ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಹಾಗಾಗಿ ಕಿಲೋಗೆ 36 ರೂಪಾಯಿ ಕೊಡುವ ಕಡೆಯೂ ಲೀಟರಿಗೆ 37 ಕೊಡುವ ಕಡೆಯೂ ಹೆಚ್ಚುಕಡಿಮೆ ಒಂದೇ. ಇನ್ನೂ ದೊಡ್ಡ ವ್ಯತ್ಯಾಸ ಬರುವುದು ಎಸ್‌ಎನ್‌ಎಫ್, ಅಂದರೆ ಫ್ಯಾಟ್ (ಕೊಬ್ಬು) ಬಿಟ್ಟು ಹಾಲಿನಲ್ಲಿರುವ ಘನಾಂಶದ ಲೆಕ್ಕದಲ್ಲಿ. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರಿನ ಡಿಗ್ರಿಯನ್ನು ನಾಲ್ಕರಿಂದ ಭಾಗಿಸಿ ಅದಕ್ಕೆ ಫ್ಯಾಟಿನ ಒಂದು ಪಾಲು, ಒಂದು ಸ್ಥಿರಾಂಕ ಸೇರಿಸುತ್ತಾರೆ. ಈ ಪಾಲೂ ಸ್ಥಿರಾಂಕವೂ ಎಲ್ಲ ಕಡೆ ಒಂದೇ ಇರುವುದಿಲ್ಲ. ಡಿಗ್ರಿ 28, ಫ್ಯಾಟ್ 4 ಇರುವ ಹಾಲನ್ನೇ ತೆಗೆದುಕೊಳ್ಳಿ. 0.21 ಪಾಲು, 0.36 ಸ್ಥಿರಾಂಕ ಹಾಕಿದರೆ ಎಸ್‌ಎನ್‌ಎಫ್ 8.20. 0.25 ಪಾಲು, 0.44 ಸ್ಥಿರಾಂಕ ಹಾಕಿದರೆ 8.44. ಹಸು ಅದೇ, ಮೇವು ಅದೇ, ದರಪಟ್ಟಿಯಲ್ಲಿ ಕೂರುವ ಸಾಲು ಮಾತ್ರ ಬೇರೆ. ಯಾವ ಸೂತ್ರ ಬಳಸುತ್ತೀರಿ ಎಂದು ಕೇಳದೆ ಇಬ್ಬರ ದರ ಹೋಲಿಸುವುದು ವ್ಯರ್ಥ.

ಕೇಂದ್ರದಲ್ಲಿ ನಿಂತು ಗಮನಿಸಬೇಕಾದದ್ದು ಇನ್ನೂ ಇದೆ. ನಿಂತ ಹಾಲಿನಲ್ಲಿ ಕೆನೆ ಮೇಲೇರುತ್ತದೆ. ಕಲಕದೆ ತಳದಿಂದ ಸ್ಯಾಂಪಲ್ ತೆಗೆದರೆ ಫ್ಯಾಟ್ ಕಡಿಮೆ ತೋರಿಸುತ್ತದೆ. 27 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ ಲ್ಯಾಕ್ಟೋಮೀಟರನ್ನು ಆಗಷ್ಟೇ ಕರೆದ ಬಿಸಿ ಹಾಲಿಗೆ ಇಳಿಬಿಟ್ಟರೆ ಡಿಗ್ರಿ ಇಳಿದು ಕಾಣುತ್ತದೆ, ಅದನ್ನು ಸರಿಪಡಿಸಿಯೇ ಬರೆಯಬೇಕು. ಫ್ಯಾಟ್ ಅಳೆಯುವ ಯಂತ್ರದ ಮೇಲೆ ಅನುಮಾನ ಬಂದರೆ, ಆಮ್ಲ ಬೆರೆಸಿ ಫ್ಯಾಟ್ ಬೇರ್ಪಡಿಸಿ ಅಳೆಯುವ ಗರ್ಬರ್ ಪರೀಕ್ಷೆ ಕೇಳಿ. ಅದಕ್ಕೆ 10.75 ಮಿಲಿ ಹಾಲು ಸಾಕು. ಸ್ಯಾಂಪಲ್ ಹೆಸರಿನಲ್ಲಿ ಹೊತ್ತಿಗೆ 50 ಮಿಲಿ ಹೆಚ್ಚು ತೆಗೆದರೆ ವರ್ಷದ 730 ಹೊತ್ತಿಗೆ 36.5 ಲೀಟರ್ ಹೋಯಿತು. ಸಂಘದ ಡೇರಿಯಲ್ಲಾದರೆ ಇದನ್ನು ಮಹಾಸಭೆಯಲ್ಲಿ ಎದ್ದುನಿಂತು ಕೇಳುವ ಹಕ್ಕು ಸದಸ್ಯರಿಗಿದೆ. ಖಾಸಗಿಯಲ್ಲಿ ಆ ಹಕ್ಕಿಲ್ಲ, ಬೇಡವಾದರೆ ಬಿಟ್ಟು ಹೋಗಬಹುದು, ಅಷ್ಟೇ. ಬಿಟ್ಟು ಹೋಗಲು ಪಕ್ಕದಲ್ಲಿ ಇನ್ನೊಂದು ಕೇಂದ್ರ ಇದ್ದರೆ ಮಾತ್ರ ಅದಕ್ಕೂ ಬೆಲೆ.

ಇನ್ನು ದುಡ್ಡು. ಬೇಸಿಗೆಯಲ್ಲಿ ಹಾಲು ಕಡಿಮೆಯಾದಾಗ ಖಾಸಗಿಯವರು ದರ ಏರಿಸುತ್ತಾರೆ, ಹಸು ಕೊಳ್ಳಲು ಮುಂಗಡವನ್ನೂ ಕೊಡುತ್ತಾರೆ. ಮುಂಗಡ ಬೇಕೇ ಬೇಕೆಂದರೆ ಪಡೆಯಿರಿ, ಆದರೆ ಅದು ತೀರುವವರೆಗೆ ಪ್ರತಿ ಬಟವಾಡೆಯಲ್ಲೂ ಮುರಿದುಕೊಳ್ಳುತ್ತಾರೆ. ಆ ನಡುವೆ ದರ ಇಳಿದರೂ ಕದಲುವಂತಿಲ್ಲ. ಡೇರಿಯ ದರ ನಿಧಾನಕ್ಕೆ ಏರುತ್ತದೆ, ಅದರ ಜೊತೆ ಬರುವುದನ್ನು ಕೂಡಿಸಿ ನೋಡಬೇಕು. 10 ಲೀಟರ್ ಕರೆಯುವ ಹಸುವಿಗೆ ದಿನಕ್ಕೆ ಐದೂವರೆ ಕಿಲೋ ಪಶು ಆಹಾರ ಹಾಕುತ್ತೀರಿ ಎನ್ನಿ. ಸಂಘದಲ್ಲಿ ಅದು ಕಿಲೋಗೆ 2 ರೂಪಾಯಿ ಅಗ್ಗಕ್ಕೆ ಸಿಕ್ಕರೆ ಹಾಲಿನ ಲೀಟರಿಗೆ 1 ರೂಪಾಯಿ 10 ಪೈಸೆ ಮೇಲೆ ಬಂದಂತೆ. ಕೃತಕ ಗರ್ಭಧಾರಣೆ, ರಾಸು ವಿಮೆ, ವರ್ಷದ ಬೋನಸ್ ಬೇರೆ.

ಸರ್ಕಾರದ ಪ್ರೋತ್ಸಾಹಧನವೂ ಡೇರಿಗೆ ಹಾಕಿದ ಹಾಲಿಗೆ ಮಾತ್ರ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದದ್ದು ಈಗ 5 ರೂಪಾಯಿ. ದಿನಕ್ಕೆ 10 ಲೀಟರ್ ಹಾಕುವ ಮನೆಗೆ ತಿಂಗಳಿಗೆ 1,500 ರೂಪಾಯಿ. ಅದು ಬಟವಾಡೆಯ ಜೊತೆ ಬರುವುದಿಲ್ಲ, ಖಜಾನೆಯಿಂದ ಬರುತ್ತದೆ, ತಿಂಗಳುಗಟ್ಟಲೆ ಬಾಕಿ ಬಿದ್ದದ್ದೂ ಇದೆ. ನಾಲ್ಕು ತಿಂಗಳು ತಡವಾದರೆ 6,000 ರೂಪಾಯಿ ಸಿಕ್ಕಿಕೊಂಡಿತು. ಅಷ್ಟರಲ್ಲಿ ಬೂಸಾ ಅಂಗಡಿಯ ಸಾಲ ಬೆಳೆದಿರುತ್ತದೆ. ಪೇಟೆಯಲ್ಲಿ ಡೇರಿಯ ಪ್ಯಾಕೆಟ್ ಹಾಲಿನ ದರ ಏರಿಸಲು ಸರ್ಕಾರದ ಒಪ್ಪಿಗೆ ಕಾಯಬೇಕು, ಹಾಗೆ ತಡೆಹಿಡಿದ ಬೆಲೆಯ ಕೊರತೆಯನ್ನು ಈ 5 ರೂಪಾಯಿ ಸ್ವಲ್ಪ ತುಂಬುತ್ತದೆ. ಹಾಗೆ ನೋಡಿದರೆ ಇದರಲ್ಲಿ ಒಂದು ಪಾಲು ನೆರವು ಹಾಲು ಕುಡಿಯುವ ಪೇಟೆಯವರಿಗೆ ಹೋಗುತ್ತಿದೆ. ಅದನ್ನು ಕೊಡುವುದು ತಪ್ಪೆಂದು ಹೇಳುತ್ತಿಲ್ಲ, ಆದರೆ ರೈತನಿಗೆ ತಡವಾಗಿ ಕೊಟ್ಟು ಪೇಟೆಗೆ ದಿನದಿನವೂ ಕೊಡುವುದು ನ್ಯಾಯವಲ್ಲ.

ಡೇರಿಯ ನಿಜವಾದ ಬೆಲೆ ತಿಳಿಯುವುದು ಹಾಲು ಹೆಚ್ಚಾದಾಗ. ಮಳೆ ಬಿದ್ದು ಹಸಿರು ಮೇವು ಬಂದ ಮೇಲೆ ಖಾಸಗಿಯವರು ದರ ಇಳಿಸಬಹುದು, ಸಂಜೆ ಹಾಲು ಒಯ್ಯುವ ಗಾಡಿಯ ರೂಟ್ ನಿಲ್ಲಿಸಬಹುದು. ಕೊಳ್ಳಲೇಬೇಕೆಂಬ ಕಟ್ಟು ಅವರಿಗಿಲ್ಲ. ಹಾಲಿನ ಸಂಘಗಳು ಸೇರಿ ಕಟ್ಟಿಕೊಂಡ ಒಕ್ಕೂಟ ಸದಸ್ಯರ ಹಾಲನ್ನು ಕೊಂಡು ಉಳಿದದ್ದನ್ನು ಪುಡಿ, ಬೆಣ್ಣೆ ಮಾಡುತ್ತದೆ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದಿಂದ ಆ ಪುಡಿ ಶಾಲೆಯ ಮಕ್ಕಳ 150 ಮಿಲಿ ಲೋಟ ಸೇರಿತು. 2020ರ ಲಾಕ್‌ಡೌನ್‌ನಲ್ಲಿ ಹೋಟೆಲು ಮುಚ್ಚಿದಾಗ ಸರ್ಕಾರ ಒಕ್ಕೂಟಗಳ ಹಾಲು ಕೊಂಡು ಕೊಳೆಗೇರಿಗಳಲ್ಲಿ ಉಚಿತವಾಗಿ ಹಂಚಿತು. 2024ರ ಜೂನ್‌ನಲ್ಲಿ ದಿನದ ಸಂಗ್ರಹ ಒಂದು ಕೋಟಿ ಲೀಟರಿನ ಹತ್ತಿರ ಬಂದಾಗ ನಂದಿನಿ ಪ್ಯಾಕೆಟ್‌ಗೆ 50 ಮಿಲಿ ಸೇರಿಸಿ 2 ರೂಪಾಯಿ ಹೆಚ್ಚಿಸಿದರು. ಮಾರುಕಟ್ಟೆಯೊಂದೇ ಇದ್ದಿದ್ದರೆ ಆ ಹಾಲಿನ ಭಾರವೆಲ್ಲ ಕೊಟ್ಟಿಗೆಯ ಮೇಲೇ ಬೀಳುತ್ತಿತ್ತು. ಹಾಗೆಂದು ಖಾಸಗಿ ಕೇಂದ್ರ ಬೇಡ ಎನ್ನಲಾಗದು. ಊರಿನಲ್ಲಿ ಎರಡನೆಯ ತಕ್ಕಡಿ ಇದ್ದರೆ ಸಂಘದ ತಕ್ಕಡಿಯೂ ಸರಿಯಾಗಿ ತೂಗುತ್ತದೆ.

ವರ್ತನೆಯಲ್ಲಿ ಲೀಟರಿಗೆ ಸಿಗುವ ದರ ಎಲ್ಲಕ್ಕಿಂತ ಹೆಚ್ಚು, ಹಿಡಿಸುವ ಕೆಲಸವೂ ಹಾಗೆಯೇ. ಪೆಟ್ರೋಲು, ಬೆಳಗಿನ ಎರಡು ತಾಸು, ತಿಂಗಳ ಕೊನೆಯ ವಸೂಲಿ, ಹೋಟೆಲಿನ ರಜೆಯ ದಿನ ಉಳಿಯುವ ಹಾಲು. ಕರು ಹಾಕುವ ಮುಂಚೆ 60 ದಿನ ಹಸು ಬತ್ತಿರುವುದರಿಂದ ಎರಡು ಹಸುವಾದರೂ ಬೇಕು, ಅವುಗಳ ಈಯುವಿಕೆ ಐದಾರು ತಿಂಗಳ ಅಂತರದಲ್ಲಿರಬೇಕು. ಇದಿಲ್ಲದಿದ್ದರೆ ವರ್ತನೆ ಮನೆಗಳು ಕೈತಪ್ಪುತ್ತವೆ. ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ: ಹಾಲನ್ನೆಲ್ಲ ಸಂಘಕ್ಕೇ ಹಾಕುವ ಸದಸ್ಯರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಡ, ಹೊರಗೆ ಮಾರಿದರೆ ಬೇಕು.

ಎರಡು ಮೂರು ಹಸುವಿನ ಮನೆಗೆ ನಮ್ಮ ಸಲಹೆ: ಹೆಚ್ಚು ಹಾಲು ಡೇರಿಗೇ ಇರಲಿ, ಪೇಟೆ ನಾಲ್ಕೈದು ಕಿಲೋಮೀಟರ್ ಒಳಗಿದ್ದರೆ ಒಂದು ಹೊತ್ತು ವರ್ತನೆ ಹಾಕಿ. ಖಾಸಗಿಗೆ ಕೊಡುವವರು ಮುಂಗಡವಿಲ್ಲದೆ ಕೊಡಿ. ಹೊರಗೆ ಮಾರುವ ಮುನ್ನ ಸಂಘದ ಬೈಲಾ ಓದಿ. ವರ್ಷಕ್ಕೆ ಎಷ್ಟು ದಿನ, ಎಷ್ಟು ಲೀಟರ್ ಹಾಕಿದವರಿಗೆ ಮತದ ಹಕ್ಕು ಎಂದು ಅದರಲ್ಲಿರುತ್ತದೆ. ಲೆಕ್ಕದಲ್ಲಿ ಆ ಗಡಿ ಹತ್ತಿರ ಬಂದಿದ್ದರೆ ಖಾಸಗಿಯವರು 2 ರೂಪಾಯಿ ಹೆಚ್ಚು ಕೊಟ್ಟರೂ ಆ ತಿಂಗಳು ಕ್ಯಾನು ಡೇರಿಗೇ ಹೋಗಲಿ.