ಸ್ಟ್ಯಾನ್‌ಫೋರ್ಡ್‌ನ ತಂಬಾಕು ಜಾಹೀರಾತು ಸಂಗ್ರಹ: ಮಹಿಳಾ ವಿಭಾಗವನ್ನು ನೋಡಿದ ಮೇಲೆ

ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯ ಕಿವಿ, ಮೂಗು, ಗಂಟಲು ತಜ್ಞ ಡಾ. ರಾಬರ್ಟ್ ಜ್ಯಾಕ್ಲರ್ ಮತ್ತು ಅವರ ಸಂಗಡಿಗರು ಕೂಡಿಹಾಕಿರುವ ಡಿಜಿಟಲ್ ಸಂಗ್ರಹದಲ್ಲಿ 60,000ಕ್ಕೂ ಹೆಚ್ಚು ತಂಬಾಕು ಜಾಹೀರಾತುಗಳಿವೆ. ನೋಡುವುದಕ್ಕೆ ಹಣ ಕೊಡಬೇಕಾಗಿಲ್ಲ. ಪದವಿ ತರಗತಿಗೆ ಪತ್ರಿಕೋದ್ಯಮ ಪಾಠ ಮಾಡುವ ನಾನು, ಜಾಹೀರಾತಿನ ಇತಿಹಾಸದ ಒಂದು ಪಾಠಕ್ಕೆ ನಾಲ್ಕು ಚಿತ್ರ ಸಿಕ್ಕರೆ ಸಾಕೆಂದುಕೊಂಡು ಇದರಲ್ಲಿ ಮಹಿಳೆಯರನ್ನು ಗುರಿಯಾಗಿಸಿಕೊಂಡ ಜಾಹೀರಾತುಗಳ ವಿಭಾಗವನ್ನು ತೆರೆದೆ. ಮೂರು ಭಾನುವಾರಗಳು ಅದರಲ್ಲೇ ಕಳೆದವು. ಸಮೂಹ ಮಾಧ್ಯಮ ಓದುವವರಿಗೆ, ಕಲಿಸುವವರಿಗೆ, ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಕೆಲಸ ಮಾಡುವವರಿಗೆ ಇಷ್ಟು ಉಪಯುಕ್ತವಾದ ಸಂಗ್ರಹವನ್ನು ನಾನು ಬೇರೆ ಕಂಡಿಲ್ಲ.

ಇದರ ದೊಡ್ಡ ಗುಣವಿರುವುದು ಜೋಡಣೆಯಲ್ಲಿ. ಬ್ರ್ಯಾಂಡಿನ ಹೆಸರು ಹಿಡಿದು ಹುಡುಕುವುದಕ್ಕೂ ದಾರಿಯಿದೆ, ಆದರೆ ಕಂತೆಗಳನ್ನು ಕಟ್ಟಿರುವುದು ಮುಖ್ಯವಾಗಿ ಜಾಹೀರಾತು ಹೂಡುವ ವಾದದ ಮೇಲೆ. ತೆಳ್ಳಗಿರಬೇಕೆನ್ನುವ ಆಸೆಯನ್ನು ಬಳಸಿಕೊಂಡವು ಒಂದು ಕಡೆ, ಸ್ವಾತಂತ್ರ್ಯದ ಮಾತನ್ನು ಬಳಸಿಕೊಂಡವು ಇನ್ನೊಂದು ಕಡೆ, ವೈದ್ಯರ ಬಾಯಿಂದ ಮಾತಾಡಿಸಿದವು ಮತ್ತೊಂದು ಕಡೆ ಇರುತ್ತವೆ. ಬಿಡಿಬಿಡಿಯಾಗಿ ನೋಡಿದರೆ ಚಂದದ ಹಳೆಯ ಚಿತ್ರಗಳೆನಿಸುವ ಇವನ್ನು ವರ್ಷದ ಕ್ರಮದಲ್ಲಿ ಸಾಲಾಗಿ ನೋಡುತ್ತ ಹೋದಾಗ, ಆಯಾ ಕಾಲದ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಯಾವ ಆಸೆ ಅಥವಾ ಅಳುಕು ಇತ್ತೋ ಅದನ್ನೇ ಹುಡುಕಿ ತೆಗೆದು ಸಿಗರೇಟಿನ ಪಕ್ಕದಲ್ಲಿಟ್ಟು ಮಾರಿದ್ದಾರೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಆರಂಭದ ಚಿತ್ರಗಳನ್ನು ನೋಡುವ ಮುನ್ನ ಸ್ವಲ್ಪ ಹಿನ್ನೆಲೆ ತಿಳಿದಿದ್ದರೆ ಒಳ್ಳೆಯದು. 1908ರ ಜನವರಿಯಲ್ಲಿ ನ್ಯೂಯಾರ್ಕ್ ನಗರಸಭೆ, ಸಾರ್ವಜನಿಕ ಸ್ಥಳಗಳಲ್ಲಿ ಹೆಂಗಸರು ಸಿಗರೇಟು ಸೇದಲು ಅವಕಾಶ ಕೊಡಬಾರದೆಂದು ನಿಯಮ ಮಾಡಿತು. ಮರುದಿನವೇ ಕೇಟಿ ಮಲ್ಕಾಹಿ ಎಂಬಾಕೆಯನ್ನು ಹಿಡಿದು ಐದು ಡಾಲರ್ ದಂಡ ಹಾಕಿದರು. ಆಕೆ ಕಟ್ಟಲು ಒಪ್ಪಲಿಲ್ಲ. ಆ ನಿಯಮವನ್ನು ಮೇಯರ್ ತಳ್ಳಿಹಾಕಿದರಾದರೂ, ಸೇದುವ ಹೆಂಗಸು ಮರ್ಯಾದಸ್ಥಳಲ್ಲ ಎಂಬ ಭಾವನೆ ಉಳಿದೇ ಇತ್ತು. 1920ರಲ್ಲಿ ಅಮೆರಿಕದ ಮಹಿಳೆಯರಿಗೆ ಮತದಾನದ ಹಕ್ಕು ಬಂದಿತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಫಿಲಿಪ್ ಮಾರಿಸ್ ಕಂಪನಿ ಮಾರ್ಲ್‌ಬೊರೊವನ್ನು ಹೆಂಗಸರ ಸಿಗರೇಟಾಗಿ ಮಾರುಕಟ್ಟೆಗೆ ತಂದಿತು. ‘ಮೇ ತಿಂಗಳಿನಷ್ಟು ಮೃದು’ ಎಂಬುದು ಅದರ ಘೋಷಣೆ. ಅಲ್ಲಿ ಮೇ ಎಂದರೆ ವಸಂತ. ಬಿರುಬೇಸಿಗೆಯ ಮೇ ತಿಂಗಳನ್ನು ಮಾತ್ರ ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ತುಟಿಯ ಬಣ್ಣ ಅಂಟಿದರೂ ಕಾಣದಿರಲೆಂದು ಅದರ ತುದಿಗೆ ಮುಂದೆ ಕೆಂಪು ಕಾಗದವನ್ನೂ ಸುತ್ತಿದರು. ಇಂದು ಕುದುರೆ ಸವಾರನ ಚಿತ್ರದೊಂದಿಗೆ ಗಂಡಸುತನದ ಗುರುತಾಗಿರುವ ಅದೇ ಮಾರ್ಲ್‌ಬೊರೊ 1954–55ರವರೆಗೂ ಹೀಗಿತ್ತು ಎಂಬುದನ್ನು ಈ ಚಿತ್ರಗಳನ್ನು ತೋರಿಸದೆ ಯಾರಿಗೂ ನಂಬಿಸಲಾಗದು.

1926ರ ಚೆಸ್ಟರ್‌ಫೀಲ್ಡ್ ಜಾಹೀರಾತಿನ ಮುಂದೆ ನಾನು ಬಹಳ ಹೊತ್ತು ನಿಂತೆ. ಗಂಡು ಸಿಗರೇಟು ಹಚ್ಚುತ್ತಿದ್ದಾನೆ, ಪಕ್ಕದಲ್ಲಿ ಕುಳಿತ ಹೆಣ್ಣು ‘ಸ್ವಲ್ಪ ನನ್ನ ಕಡೆಗೂ ಊದು’ ಎನ್ನುತ್ತಾಳೆ. ಆಕೆಯ ಕೈಯಲ್ಲಿ ಸಿಗರೇಟಿಲ್ಲ. ಸಮಾಜ ಎಷ್ಟನ್ನು ತಾಳಿಕೊಳ್ಳುತ್ತದೆ ಎಂಬುದನ್ನು ಬೆರಳಲ್ಲಿ ಅಳೆದಂತೆ ಅಳೆದು, ಅದಕ್ಕಿಂತ ಒಂದು ಎಳೆ ಮಾತ್ರ ಮುಂದೆ ಹೋಗಿರುವ ಚಿತ್ರವಿದು.

ಅದಾದ ಎರಡೇ ವರ್ಷಕ್ಕೆ ಅಂಜಿಕೆ ಪೂರ್ತಿ ಬಿಟ್ಟುಹೋಗಿದೆ. ಅಮೆರಿಕನ್ ಟೊಬ್ಯಾಕೊ ಕಂಪನಿಯ ಜಾರ್ಜ್ ವಾಷಿಂಗ್ಟನ್ ಹಿಲ್ ಮತ್ತು ಜಾಹೀರಾತು ತಜ್ಞ ಆಲ್ಬರ್ಟ್ ಲಾಸ್ಕರ್ ಸೇರಿ 1928ರಲ್ಲಿ ‘ಸಿಹಿಯ ಬದಲು ಲಕ್ಕಿ ಸ್ಟ್ರೈಕ್ ತೆಗೆದುಕೊಳ್ಳಿ’ ಎಂಬ ಪ್ರಚಾರ ಆರಂಭಿಸಿದರು. ಮಿಠಾಯಿ ತಯಾರಕರು ಸಿಟ್ಟಿಗೆದ್ದು ಪ್ರತಿಭಟಿಸಿದರು. ಈ ಸರಣಿಯ ಮುಂದುವರಿಕೆಯಾದ, ನೆರಳಿನ ಚಿತ್ರಗಳಿರುವ ಕಂತೆಯನ್ನು ದೊಡ್ಡದು ಮಾಡಿ ನೋಡಲೇಬೇಕು. ಮುಂದೆ ಒಬ್ಬ ತೆಳ್ಳನೆಯ ಯುವತಿಯ ಪಕ್ಕನೋಟ, ಕತ್ತು ನೀಳವಾಗಿದೆ, ಗಲ್ಲ ಚೂಪಾಗಿದೆ. ಹಿಂದೆ ಗೋಡೆಯ ಮೇಲೆ ಅವಳದೇ ನೆರಳು, ಆದರೆ ಆ ನೆರಳಿಗೆ ಗಲ್ಲದ ಕೆಳಗೆ ಇನ್ನೊಂದು ಗಲ್ಲ ಜೋಲುತ್ತಿದೆ. ಮುಂದೆ ಬರಲಿರುವ ಈ ನೆರಳನ್ನು ತಪ್ಪಿಸಿಕೊಳ್ಳಿ ಎನ್ನುತ್ತದೆ ಬರಹ. ತನ್ನ ಮೈಯನ್ನೇ ತಾನು ಶತ್ರುವಿನಂತೆ ಕಾಣಲು ಕಲಿಸುವ ಈ ಚಿತ್ರ ಬಂದು ತೊಂಬತ್ತು ವರ್ಷಗಳ ಮೇಲಾಗಿದ್ದರೂ, ಇಂದಿನ ತೂಕ ಇಳಿಸುವ ಜಾಹೀರಾತುಗಳನ್ನು ಬಲ್ಲವರಿಗೆ ಅದು ಹಳೆಯದೆನಿಸುವುದಿಲ್ಲ.

ಅದೇ ಕಂಪನಿ, ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದ ಮೊದಲ ಮಹಿಳೆ ಅಮೀಲಿಯಾ ಇಯರ್‌ಹಾರ್ಟ್ ಅವರ ಹೆಸರನ್ನೂ ಬಳಸಿಕೊಂಡಿತು. ಆಕೆ ಸಿಗರೇಟು ಸೇದುತ್ತಿರಲಿಲ್ಲ; ಬಂದ ಹಣವನ್ನು ರಿಚರ್ಡ್ ಬರ್ಡ್ ಅವರ ಅಂಟಾರ್ಕ್ಟಿಕಾ ಯಾತ್ರೆಗೆ ಕೊಟ್ಟರು. ಆದ್ದರಿಂದ ಜಾಹೀರಾತಿನಲ್ಲಿ ಹೇಳಿದ್ದು, ವಿಮಾನದಲ್ಲಿ ಒಯ್ದ ಸಿಗರೇಟು ಲಕ್ಕಿ ಸ್ಟ್ರೈಕ್ ಎಂದಷ್ಟೇ. ಸುಳ್ಳೂ ಅಲ್ಲದ, ನಿಜವೂ ಅಲ್ಲದ ಮಾತು ಹೇಗಿರುತ್ತದೆಂದು ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಜಾಹೀರಾತುಗಳನ್ನು ಕೂಡಿಹಾಕುವ ಯಾವ ಸಂಗ್ರಹಕ್ಕೂ ಹಿಡಿಯಲಾಗದ ಒಂದು ಸಂಗತಿಯೂ ಈ ಚರಿತ್ರೆಯಲ್ಲಿದೆ. 1929ರ ಮಾರ್ಚ್ 31, ಈಸ್ಟರ್ ಭಾನುವಾರ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಮೆರವಣಿಗೆಯಲ್ಲಿ ಕೆಲವು ಯುವತಿಯರು ಎಲ್ಲರೆದುರು ಸಿಗರೇಟು ಹಚ್ಚಿದರು. ಅವನ್ನು ‘ಸ್ವಾತಂತ್ರ್ಯದ ದೀವಟಿಗೆಗಳು’ ಎಂದು ಕರೆಯಲಾಯಿತು. ಇದನ್ನು ಏರ್ಪಡಿಸಿದವರು ಲಕ್ಕಿ ಸ್ಟ್ರೈಕ್‌ಗಾಗಿ ದುಡಿಯುತ್ತಿದ್ದ ಪ್ರಚಾರ ತಜ್ಞ ಎಡ್ವರ್ಡ್ ಬರ್ನೇಸ್. ಆ ಪದವನ್ನು ಅವರಿಗೆ ಒದಗಿಸಿದವರು ಮನೋವಿಶ್ಲೇಷಕ ಎ. ಎ. ಬ್ರಿಲ್, ಮುಂದೆ ನಿಂತು ಸಿಗರೇಟು ಹಚ್ಚಿದ ಬರ್ತಾ ಹಂಟ್ ಸ್ವತಃ ಬರ್ನೇಸ್ ಅವರ ಕಾರ್ಯದರ್ಶಿ. ಕಂಪನಿಯ ಹೆಸರು ಎಲ್ಲಿಯೂ ಬರಲಿಲ್ಲ, ಸುದ್ದಿ ಮಾತ್ರ ಪತ್ರಿಕೆಗಳಲ್ಲಿ ಬಂತು. ಆ ಒಂದು ದಿನದಿಂದ ಎಲ್ಲ ಬದಲಾಯಿತೆಂಬ ಕಥೆಯನ್ನು ಬಹಳಷ್ಟು ಬೆಳೆಸಿದವರು ಬರ್ನೇಸ್ ಅವರೇ ಎನ್ನುವ ಇತಿಹಾಸಕಾರರ ಮಾತನ್ನು ನಾನು ಒಪ್ಪುತ್ತೇನೆ. ಹೆಂಗಸರು ಅದಕ್ಕೂ ಮೊದಲೇ ಸೇದಲಾರಂಭಿಸಿದ್ದರು. ಆದರೂ ಜಾಹೀರಾತು ಸುದ್ದಿಯ ವೇಷದಲ್ಲಿ ಬಂದಾಗ ಅದು ಜಾಹೀರಾತಿನ ಕಂತೆಗೆ ಸೇರುವುದಿಲ್ಲ ಎಂಬ ಎಚ್ಚರ ಈ ಸಂಗ್ರಹವನ್ನು ಬಳಸುವವರಿಗೆ ಇರಬೇಕು. 1934ರಲ್ಲಿ, ಲಕ್ಕಿ ಸ್ಟ್ರೈಕ್‌ನ ಹಸಿರು ಪೊಟ್ಟಣ ತಮ್ಮ ಉಡುಪಿನ ಬಣ್ಣಕ್ಕೆ ಹೊಂದುವುದಿಲ್ಲವೆಂದು ಹೆಂಗಸರು ಹೇಳುತ್ತಾರೆಂದು ತಿಳಿದಾಗ, ಪೊಟ್ಟಣವನ್ನು ಬದಲಿಸದೆ, ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ‘ಹಸಿರು ನೃತ್ಯಕೂಟ’ ಏರ್ಪಡುವಂತೆ ಮಾಡಿ ಹಸಿರನ್ನೇ ಫ್ಯಾಷನ್ ಮಾಡಲು ಹೊರಟವರೂ ಇದೇ ಬರ್ನೇಸ್.

ಇಡೀ ವಿಭಾಗದಲ್ಲಿ ನನ್ನನ್ನು ಹೆಚ್ಚು ಕಲಕಿದ್ದು 1950–51ರ ಸುಮಾರಿನ ಮಾರ್ಲ್‌ಬೊರೊ ಕಂತೆ. ಪುಟದ ತುಂಬ ಎಳೆಗೂಸಿನ ಮುಖ, ಇನ್ನೂ ಹಲ್ಲು ಬಂದಿರದ ಬಾಯಿ, ದುಂಡು ಕಣ್ಣು. ಮಗುವಿನ ಬಾಯಲ್ಲಿ ಹೇಳಿಸಿರುವ ಮಾತಿನ ಭಾವ ಇಷ್ಟು: ‘ಅಮ್ಮಾ, ನನ್ನನ್ನು ಬೈಯುವ ಮೊದಲು ಒಂದು ಮಾರ್ಲ್‌ಬೊರೊ ಹಚ್ಚಿಕೊಂಡರೆ ಒಳ್ಳೆಯದೇನೋ.’ ದಿನವಿಡೀ ಮಗುವಿನೊಂದಿಗೆ ಏಗಿ ಸೋತ ತಾಯಿಯ ಆಯಾಸವನ್ನು ಬಲ್ಲವರೇ ಇದನ್ನು ಬರೆದಿರಬೇಕು. ಆ ಆಯಾಸಕ್ಕೆ ಕೈ ಆಸರೆಯನ್ನಾಗಲಿ ನಿದ್ದೆಯನ್ನಾಗಲಿ ಸೂಚಿಸದೆ, ತೊಟ್ಟಿಲ ಪಕ್ಕದಲ್ಲಿ ಹೊಗೆಯನ್ನು ಸೂಚಿಸಿದ್ದಾರೆ. ನಾನು ಆ ದಿನ ಮುಂದಿನ ಚಿತ್ರಕ್ಕೆ ಹೋಗಲಿಲ್ಲ.

ವರ್ಜೀನಿಯಾ ಸ್ಲಿಮ್ಸ್ ಕಂತೆ ಅತ್ಯಂತ ದೊಡ್ಡದು, ಹಾಗಿರುವುದೂ ನ್ಯಾಯವೇ. 1968ರಲ್ಲಿ, ಮಹಿಳಾ ಚಳವಳಿ ಬೀದಿಗಿಳಿದಿದ್ದ ಹೊತ್ತಿಗೆ, ಫಿಲಿಪ್ ಮಾರಿಸ್ ಈ ತೆಳ್ಳನೆಯ ಉದ್ದ ಸಿಗರೇಟನ್ನು ತಂದಿತು. ಜಾಹೀರಾತುಗಳ ಅಚ್ಚು ಒಂದೇ: ಒಂದು ಮೂಲೆಯಲ್ಲಿ ಕಂದುಬಣ್ಣದ ಹಳೆಯ ಕಾಲದ ಛಾಯಾಚಿತ್ರ, ಅದರಲ್ಲಿ ಕದ್ದು ಸೇದಿ ಸಿಕ್ಕಿಬಿದ್ದ ಹೆಂಗಸಿನ ಕಥೆ, ಉಳಿದ ಪುಟದಲ್ಲಿ ಸಿಗರೇಟು ಹಿಡಿದು ನಗುವ ಆಧುನಿಕ ಯುವತಿ. ಘೋಷಣೆ ‘ಯೂ ಹ್ಯಾವ್ ಕಮ್ ಎ ಲಾಂಗ್ ವೇ, ಬೇಬಿ’. ಎಷ್ಟು ದೂರ ಸಾಗಿ ಬಂದೆಯಲ್ಲ ಎಂದು ಮೆಚ್ಚುವ ಉಸಿರಿನಲ್ಲೇ ಆಕೆಯನ್ನು ‘ಬೇಬಿ’ ಎಂದು ಮಗುವಾಗಿಸುವ ಈ ಮಾತನ್ನು ಕನ್ನಡಕ್ಕೆ ತರಲು ತರಗತಿಯಲ್ಲಿ ಯತ್ನಿಸಿ ಸೋತಿದ್ದೇವೆ. 1908ರಲ್ಲಿ ದಂಡ ಕಟ್ಟಲೊಲ್ಲದ ಹೆಂಗಸಿನ ನೋವು ಇಲ್ಲಿ ಮಾರಾಟದ ಸರಕಾಗಿದೆ.

ಈ ಬ್ರ್ಯಾಂಡಿನ ವಿಷಯದಲ್ಲಿ ತೀರ್ಪು ಸುಲಭವಲ್ಲ ಎಂಬುದನ್ನೂ ಹೇಳಬೇಕು. 1970ರಲ್ಲಿ ಬಿಲ್ಲಿ ಜೀನ್ ಕಿಂಗ್ ಸೇರಿದಂತೆ ಒಂಬತ್ತು ಟೆನಿಸ್ ಆಟಗಾರ್ತಿಯರು ಪುರುಷರಿಗೆ ಸಮನಾದ ಗೌರವಕ್ಕಾಗಿ ಬೇರೆ ದಾರಿ ಹಿಡಿದು, ಹ್ಯೂಸ್ಟನ್‌ನಲ್ಲಿ ಒಂದು ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದಾಗ, ಅವರ ಟೆನಿಸ್ ಪಂದ್ಯಾವಳಿಗೆ ಹಣ ಹೂಡಿದ್ದು ವರ್ಜೀನಿಯಾ ಸ್ಲಿಮ್ಸ್. ಇಂದಿನ ಮಹಿಳಾ ಟೆನಿಸ್‌ನ ಬುಡದಲ್ಲಿ ಆ ಹಣವಿದೆ. ಅಮೆರಿಕದ ದೂರದರ್ಶನದಲ್ಲಿ ಸಿಗರೇಟು ಜಾಹೀರಾತು ನಿಷೇಧವಾಗುವ ಮುನ್ನ, 1971ರ ಜನವರಿ 1ರ ಮಧ್ಯರಾತ್ರಿಗೆ ಒಂದು ನಿಮಿಷವಿರುವಾಗ ಬಂದ ಕೊನೆಯ ಜಾಹೀರಾತೂ ಇದರದೇ. 1994ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಮಹಿಳಾ ಬ್ರ್ಯಾಂಡುಗಳು ಬಂದ 1967ರ ಆಸುಪಾಸಿನಲ್ಲಿ ಹದಿನೆಂಟು ತುಂಬದ ಹುಡುಗಿಯರಲ್ಲಿ ಸಿಗರೇಟು ಆರಂಭಿಸುವವರ ಪ್ರಮಾಣ ಥಟ್ಟನೆ ಏರಿತೆಂದು ತೋರಿಸಿತು. 1987ರ ಹೊತ್ತಿಗೆ ಅಲ್ಲಿನ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿಗಿಂತ ಶ್ವಾಸಕೋಶದ ಕ್ಯಾನ್ಸರಿನ ಸಾವು ಹೆಚ್ಚಾಗಿತ್ತು. ಚಿತ್ರಗಳ ಜೊತೆ ಈ ಅಂಕಿಗಳನ್ನೂ ಇಟ್ಟುಕೊಂಡು ನೋಡಬೇಕೆಂದು ನನ್ನ ಸಲಹೆ. ಇಲ್ಲವಾದರೆ ಬಣ್ಣಗಳು ಇಂದಿಗೂ ಮೋಹಗೊಳಿಸುತ್ತವೆ.

ಸಂಗ್ರಹದ ವಿವರಣೆಗಳೆಲ್ಲ ಇಂಗ್ಲಿಷಿನಲ್ಲಿವೆ, ಬಹುಪಾಲು ಜಾಹೀರಾತುಗಳು ಅಮೆರಿಕದವು. ನಮ್ಮ ಕಥೆ ಬೇರೆ. ನನ್ನ ಅಜ್ಜಿಯ ಎಲೆಅಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕದ ಪದರದಲ್ಲಿ ಹೊಗೆಸೊಪ್ಪಿನ ಎಸಳು ಸದಾ ಇರುತ್ತಿತ್ತು. ಅದನ್ನು ಕೊಳ್ಳಿ ಎಂದು ಯಾವ ಪತ್ರಿಕೆಯೂ ಆಕೆಗೆ ಹೇಳಿರಲಿಲ್ಲ, ಆಕೆಗೆ ಓದಲೂ ಬರುತ್ತಿರಲಿಲ್ಲ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ಮಹಿಳೆಯರಲ್ಲಿ ಸೇದುವವರು ಶೇ 2.0, ಹೊಗೆರಹಿತ ತಂಬಾಕು ಬಳಸುವವರು ಶೇ 12.8. ಇಲ್ಲಿ 2003ರ ಕಾಯ್ದೆ ತಂಬಾಕು ಜಾಹೀರಾತನ್ನು ನಿಷೇಧಿಸಿದೆ. ಆದ್ದರಿಂದ ಈ ಚಿತ್ರಗಳನ್ನು ನಮ್ಮ ಮನೆಗಳ ತಂಬಾಕಿಗೆ ವಿವರಣೆಯಾಗಿ ಬಳಸಲಾಗದು.

ಬಳಸುವವರಿಗೆ ಒಂದೆರಡು ಮಾತು. ಮೊಬೈಲಿನಲ್ಲಿ ನೋಡಬೇಡಿ, ಜಾಹೀರಾತಿನ ಅಡಿಯ ಸಣ್ಣ ಅಕ್ಷರಗಳಲ್ಲೇ ಅರ್ಧ ಕಥೆ ಇರುತ್ತದೆ, ಅದಕ್ಕೆ ದೊಡ್ಡ ಪರದೆ ಬೇಕು. ನಾನು ನಾಲ್ಕರ ಬದಲು ಹನ್ನೊಂದು ಚಿತ್ರಗಳನ್ನು ತರಗತಿಗೆ ಆರಿಸಿಕೊಂಡಿದ್ದೇನೆ. ಮೊದಲನೆಯದು ಕೈಯಲ್ಲಿ ಸಿಗರೇಟಿಲ್ಲದ ಆ ಚೆಸ್ಟರ್‌ಫೀಲ್ಡ್ ಹುಡುಗಿ. ಹನ್ನೊಂದನೆಯದು 2007ರಲ್ಲಿ ಆರ್. ಜೆ. ರೆನಾಲ್ಡ್ಸ್ ಕಂಪನಿ ಫ್ಯಾಷನ್ ಪತ್ರಿಕೆಗಳಲ್ಲಿ ಹಾಕಿದ ಕ್ಯಾಮೆಲ್ ನಂಬರ್ 9: ಕಪ್ಪು ಪೊಟ್ಟಣ, ಸುತ್ತ ಗುಲಾಬಿ ಅಂಚು, ಸುಗಂಧದ ಸೀಸೆಯಂತಹ ಹೆಸರು.