ಇಟ್ಟಿಗೆ ಫ್ಯಾಕ್ಟರಿಗೆ ಮಳೆನೀರಿನ ಕಾಲುವೆ, ಗೋಡುಗುಂಡಿ ಮಾಡಿಸಿದ್ದು: ಒಂದು ಮಳೆಗಾಲ ಕಳೆದ ಮೇಲೆ

ಮಾಲೂರಿನ ಹತ್ತಿರ ನಮ್ಮದು 3 ಎಕರೆಯ ವೈರ್‌ಕಟ್ (ಮಣ್ಣನ್ನು ತಂತಿಯಲ್ಲಿ ಕತ್ತರಿಸಿ ಮಾಡುವ) ಇಟ್ಟಿಗೆ ಫ್ಯಾಕ್ಟರಿ. ನಮ್ಮ ಕಡೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹೋದ ವರ್ಷ ಹಸ್ತ ಮಳೆ ರಾತ್ರಿಯೆಲ್ಲ ಸುರಿದು, ಮಣ್ಣಿನ ರಾಶಿ ಕರಗಿ ಪಕ್ಕದ ಟೊಮೆಟೊ ತೋಟಕ್ಕೆ ಹರಿಯಿತು. ತೋಟದವರು ಬೆಳಗ್ಗೆ ಬಂದು ಜಗಳ ಆಡಲಿಲ್ಲ. ‘ಬಾ ಅಣ್ಣ, ನೀನೇ ನೋಡು ಬಾ’ ಅಂತ ಕರೆದುಕೊಂಡು ಹೋದರು. ಗಿಡಗಳ ಬುಡದಲ್ಲಿ ಬೆರಳು ದಪ್ಪ ಕೆಂಪು ಗೋಡು. ತಲೆ ಎತ್ತಿ ಅವರ ಮುಖ ನೋಡುವುದಕ್ಕೂ ಆಗಲಿಲ್ಲ ನನಗೆ.

ಅದಕ್ಕೂ ಮುಂಚೆ ಒಬ್ಬರಿಂದ ಜೆಸಿಬಿಯಲ್ಲಿ ನೇರಕ್ಕೆ ಒಂದು ಚರಂಡಿ ತೋಡಿಸಿದ್ದೆ. ನೀರಿಗೆ ಇನ್ನೂ ವೇಗ ಬಂತು, ಅಷ್ಟೇ.

ಈ ಸಲ ಕರೆಸಿದ್ದು ಐದಾರು ಜನರ ಒಂದು ಸಣ್ಣ ತಂಡ. ಬಂದ ದಿನ ಅವರು ಗೋಡುಗುಂಡಿಯ, ಅಂದರೆ ನೀರಿನ ಮಣ್ಣು ತಳಕ್ಕೆ ಕೂರಿಸುವ ಗುಂಡಿಯ ಮಾತೇ ಎತ್ತಲಿಲ್ಲ. ಮೇಸ್ತ್ರಿ ಮಟ್ಟದ ಪೈಪು ಹಿಡಿದು ಬೇಲಿಯ ಸುತ್ತ ಒಂದು ಸುತ್ತು ಬಂದರು. ‘ಸಾರ್, ಇದರಲ್ಲಿ ಅರ್ಧ ನೀರು ನಿಮ್ಮದೇ ಅಲ್ಲ, ಮೇಲಿನ ಹೊಲಗಳದ್ದು’ ಅಂದರು. ಅಲ್ಲಿಂದಲೇ ಕೆಲಸ ಶುರು. ಮೇಲ್ಭಾಗದಲ್ಲಿ ಒಡ್ಡು ಹಾಕಿ, ಹೊರಗಿನ ನೀರನ್ನು ಫ್ಯಾಕ್ಟರಿಯ ಹೊರಗಿಂದಲೇ ತಿರುಗಿಸಿ ಹಳ್ಳಕ್ಕೆ ಬಿಟ್ಟರು. ಅದು ಈಗ ನಮ್ಮ ಮಣ್ಣನ್ನು ಮುಟ್ಟುವುದೇ ಇಲ್ಲ.

ಆಮೇಲೆ ಶೆಡ್ಡಿನ ಶೀಟುಗಳ ಅಂಚಿಗೆ ಮಳೆನೀರು ಹಿಡಿಯುವ ದೋಣಿ ಕಟ್ಟಿ, ಆ ನೀರನ್ನು 60,000 ಲೀಟರ್ ಸಂಪಿಗೆ ಇಳಿಸಿದರು. 50 ಮಿಲಿಮೀಟರ್ ಮಳೆ ಬಿದ್ದರೆ ಒಂದು ಎಕರೆಗೆ ಸುಮಾರು 2 ಲಕ್ಷ ಲೀಟರ್ ನೀರು. ನಮ್ಮ ಶೀಟುಗಳೇ ಅರ್ಧ ಎಕರೆ ಇವೆ, ಅಂದರೆ ಸಂಪು ತುಂಬಲು ಒಂದು ಒಳ್ಳೆ ಮಳೆ ಸಾಕು. ಮಣ್ಣು ಕಲೆಸುವುದಕ್ಕೆ ಈಗ ಅದೇ ನೀರು. ಹನ್ನೆರಡು ಟ್ಯಾಂಕರ್ ನೀರು ಸುಮ್ನೆ ಹರಿದು ಹೋಗುತ್ತಿತ್ತಲ್ಲ ಅಂತ ಈಗ ಹೊಟ್ಟೆ ಉರಿಯುತ್ತದೆ.

ಗುಂಡಿ ಕೊನೆಗೆ ಬಂತು. ಎರಡು ಗುಂಡಿ, ಒಂದರ ಹಿಂದೆ ಒಂದು. ಅಗಲಕ್ಕಿಂತ ಉದ್ದ ಮೂರು ಪಟ್ಟು. ನೀರು ಒಂದು ತುದಿಯಲ್ಲಿ ಒಳಗೆ ಬಂದು ಇನ್ನೊಂದು ತುದಿಯ ಕಲ್ಲಿನ ಕೋಡಿಯಿಂದ ಆಚೆ ಹೋಗಬೇಕು, ನಡುವೆ ಅಡ್ಡದಾರಿ ಸಿಗಬಾರದು. ಕಾಲುವೆಯ ದಡಕ್ಕೆ ಲಾವಂಚ ನೆಟ್ಟಿದ್ದಾರೆ, ಚೆನ್ನಾಗಿ ಬೇರು ಬಿಟ್ಟಿದೆ.

ಸೆಪ್ಟೆಂಬರ್‌ನಲ್ಲಿ ಮೊದಲ ದೊಡ್ಡ ಮಳೆ ಬಂದಾಗ ಫೋನ್ ಮಾಡದೇ ಇದ್ದರೂ ಮೇಸ್ತ್ರಿ ಕೊಡೆ ಹಿಡಿದುಕೊಂಡು ಬಂದರು. ಎರಡು ಬಾಟಲಿಯಲ್ಲಿ ನೀರು ಹಿಡಿದು, ಆಫೀಸಿನ ಟೇಬಲ್ ಮೇಲೆ ಇಟ್ಟರು. ಒಳಗೆ ಬರುವ ನೀರಿನ ಬಾಟಲಿಯಲ್ಲಿ ಸಂಜೆಗೆ ಎರಡು ಬೆರಳು ಮಣ್ಣು ಕೂತಿತ್ತು. ಕೋಡಿಯ ನೀರಿನಲ್ಲಿ ತಳದಲ್ಲಿ ಏನೂ ಇಲ್ಲ, ಆದರೆ ಬಣ್ಣ ಮಾತ್ರ ಹಾಲು ಹಾಕಿದ ಟೀ ಥರ ಹಾಗೇ ಇತ್ತು. ಅದನ್ನು ಅವರು ಮುಚ್ಚಿಡಲಿಲ್ಲ. ಮರಳು ಬೇಗ ಕೂರುತ್ತದೆ, ಆದರೆ 2 ಮೈಕ್ರಾನ್‌ನ (ಮಿಲಿಮೀಟರ್‌ನ ಸಾವಿರದಲ್ಲಿ ಎರಡು ಪಾಲಿನ) ಜೇಡಿ ಕಣ ಒಂದು ಮೀಟರ್ ಇಳಿಯಲು ಮೂರು ದಿನ ದಾಟುತ್ತದೆ ಅಂತ ಹೇಳಿದರು. ಎರಡನೇ ಗುಂಡಿಯ ತೂಬನ್ನು ಮುಚ್ಚಿ ನೀರು ನಿಲ್ಲಿಸಿ, ಸ್ವಲ್ಪ ಪಟಿಕ ಕರಗಿಸಿ ಬಿಡಿ ಅಂದರು. ಜಾಸ್ತಿ ಹಾಕಿದರೆ ನೀರು ಹುಳಿಯಾಗುತ್ತದೆ ಅಂತ ಎಚ್ಚರಿಕೆಯನ್ನೂ ಕೊಟ್ಟರು. ಹಾಗೇ ಮಾಡುತ್ತಿದ್ದೇವೆ, ತಿಳಿ ನೀರು ಹೋಗುತ್ತಿದೆ.

ತಪ್ಪುಗಳೂ ಇವೆ. ಯುಗಾದಿಗೆ ಮುಗಿಸುತ್ತೇವೆ ಅಂದವರು ಮುಗಿಸಿದ್ದು ಮೇ ಕೊನೆಗೆ. ಗುಂಡಿಗೆ ಜೆಸಿಬಿ ಇಳಿಯಲು ದಾರಿಯನ್ನೇ ಬಿಟ್ಟಿರಲಿಲ್ಲ. ಮೊದಲ ಸಲ ಆರು ಜನ ಎರಡು ದಿನ ಬಾಂಡ್ಲಿಯಲ್ಲಿ ಹೂಳು ಹೊತ್ತರು. ಕೇಳಿದ ಮೇಲೆ ಇಳಿಜಾರು ಮಾಡಿಕೊಟ್ಟರು, ಅದಕ್ಕೆ 9,000 ರೂಪಾಯಿ ಬೇರೆ. ಇದು ಅವರೇ ಮೊದಲು ಹೇಳಬೇಕಾದ ಮಾತು, ಅಲ್ವಾ? ಇದಕ್ಕೇ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ತೆಗೆದ ಹೂಳು ನಮ್ಮದೇ ಜೇಡಿ, ಕಲ್ಲು ಆರಿಸಿ ಮತ್ತೆ ಇಟ್ಟಿಗೆಗೇ ಹಾಕಿದೆವು.

ಚಿತ್ತೆ ಮಳೆಯಲ್ಲಿ ಟೊಮೆಟೊ ತೋಟದ ಬದುವಿನ ಮೇಲೆ ನಡೆದು ನೋಡಿ ಬಂದೆ. ಸಾಲುಗಳ ನಡುವೆ ಕೆಂಪು ನೀರು ಇರಲಿಲ್ಲ. ಬೂದಿ ರಾಶಿಗೆ ಮಾತ್ರ ಇನ್ನೂ ಟಾರ್ಪಾಲೇ ಗತಿ. ಅದಕ್ಕೆ ಮೂರು ಕಡೆ ಗೋಡೆ, ಮೇಲೆ ಶೀಟು ಹಾಕಲು ಇದೇ ತಂಡಕ್ಕೆ ಹೇಳಿದ್ದೇನೆ. ಲಾರಿ ತಿರುಗುವ ಜಾಗ ಎಷ್ಟು ಅಂತ ಈ ಸಲ ಮೊದಲೇ ಕಾಗದದಲ್ಲಿ ಬರೆಸಿಕೊಂಡಿದ್ದೇನೆ.