ಬ್ರಾಂಚ್‌ಗಳ ವೃತ್ತಿ ತೆರಿಗೆಗೆ ಸಲಹೆಗಾರರು ಬೇಕಾ? ನಮ್ಮ ಅನುಭವ

ದಾವಣಗೆರೆಯಲ್ಲಿ ನಮ್ಮದು ಪಂಪ್‌ಸೆಟ್ ಮಾರುವ ಪ್ರೈವೇಟ್ ಲಿಮಿಟೆಡ್ ಕಂಪನಿ. ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. ಹರಿಹರ, ರಾಣೆಬೆನ್ನೂರು, ಚಿತ್ರದುರ್ಗದಲ್ಲಿ ಬ್ರಾಂಚ್‌ಗಳಿವೆ. ವೃತ್ತಿ ತೆರಿಗೆ (ವೃತ್ತಿ, ವ್ಯಾಪಾರ, ಉದ್ಯೋಗದ ಮೇಲೆ ರಾಜ್ಯ ಹಾಕುವ ತೆರಿಗೆ) ಕೆಲಸವನ್ನು ಇಲ್ಲಿಯ ಒಬ್ಬ ತೆರಿಗೆ ಸಲಹೆಗಾರರಿಗೆ ಒಪ್ಪಿಸಿದ್ದೇವೆ. ಬ್ರಾಂಚ್ ಇರುವ ಕಂಪನಿಗಳಿಗೆ ಇವರ ಸೇವೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ನಮ್ಮ ಮಾಲೀಕರು ಮೊದಲೇ ಕೇಳಿದರು: "ಒಬ್ಬರಿಗೆ ವರ್ಷಕ್ಕೆ 2,500 ರೂಪಾಯಿಗಿಂತ ಜಾಸ್ತಿ ಹಾಕಬಾರದು ಅಂತ ಸಂವಿಧಾನದಲ್ಲೇ ಇದೆ. ಕಂಪನಿ ಒಂದೇ ಅಲ್ವಾ? ನಾಲ್ಕು ಕಡೆ ಯಾಕೆ ಕಟ್ಟಬೇಕು?"

ನ್ಯಾಯವಾದ ಪ್ರಶ್ನೆ. "ರೂಲ್ಸ್ ಹಾಗಿದೆ ಸರ್" ಅಂದು ಚಲನ್ ತೆಗೆದುಕೊಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇವರು 1976ರ ಕರ್ನಾಟಕದ ವೃತ್ತಿ ತೆರಿಗೆ ಕಾಯ್ದೆಯನ್ನೇ ಮುಂದಿಟ್ಟರು. ರಾಜ್ಯಕ್ಕೆ ಈ ತೆರಿಗೆ ಹಾಕುವ ಅಧಿಕಾರ ಬರುವುದು ಸಂವಿಧಾನದ 276ನೇ ವಿಧಿಯಿಂದ. ಮೊದಲು ಮಿತಿ 250 ರೂಪಾಯಿ ಇತ್ತು, 1988ರ ತಿದ್ದುಪಡಿಯಲ್ಲಿ 2,500 ಆಯಿತು. ಆ ಮಿತಿ ಇರುವುದು 'ಒಬ್ಬ ವ್ಯಕ್ತಿ'ಗೆ. ನಮ್ಮ ಕಾಯ್ದೆ ಕಂಪನಿಯ ಪ್ರತಿ ಬ್ರಾಂಚನ್ನೂ ಬೇರೆ ವ್ಯಕ್ತಿ ಅಂತಲೇ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ಹೆಡ್ ಆಫೀಸ್ ಸೇರಿ ನಾಲ್ಕು ಜಾಗಕ್ಕೆ ತಲಾ 2,500ರಂತೆ 10,000 ರೂಪಾಯಿ. ಮಾಲೀಕರಿಗೆ ಖುಷಿಯೇನೂ ಆಗಲಿಲ್ಲ, ಆದರೆ ವಿಷಯ ಅರ್ಥವಾಯಿತು.

ನನಗಂತೂ ಇದು ಇವತ್ತಿಗೂ ಸರಿ ಕಾಣುವುದಿಲ್ಲ. ಹರಿಹರದಲ್ಲಿ ನಮ್ಮದು ಒಂದೇ ಮಳಿಗೆ, ಇಬ್ಬರು ಹುಡುಗರು. ಅದಕ್ಕೂ ಹೆಡ್ ಆಫೀಸಿನಷ್ಟೇ ತೆರಿಗೆ. ವಹಿವಾಟು ನೋಡಿ ಹಾಕಿದ್ದರೆ ಸಣ್ಣ ಕಂಪನಿಗಳು ಇನ್ನೊಂದು ಊರಿನಲ್ಲಿ ಬ್ರಾಂಚ್ ತೆರೆಯಲು ಇಷ್ಟು ಯೋಚಿಸುತ್ತಿರಲಿಲ್ಲ.

ಕೆಲಸದ ವಿಷಯಕ್ಕೆ ಬಂದರೆ, ನಾಲ್ಕೂ ಜಾಗದ ನೋಂದಣಿ ಬೇರೆ ಬೇರೆ ಮಾಡಿಸಿದರು. ಪ್ರಮಾಣಪತ್ರಗಳನ್ನು ಆಯಾ ಬ್ರಾಂಚಿನ ಗೋಡೆಗೇ ಹಾಕಿಸಿದರು. "ಯಾವುದಾದ್ರೂ ಬ್ರಾಂಚ್ ಮುಚ್ಚಿದ್ರೆ ಆಗಲೇ ಹೇಳಿಬಿಡಿ ಮೇಡಂ, ನೋಂದಣಿ ರದ್ದು ಮಾಡಿಸ್ಬೇಕು" ಅಂತ ಅವರಾಗಿಯೇ ಎಚ್ಚರಿಸಿದರು. ಇದನ್ನು ಯಾರೂ ಹೇಳುವುದಿಲ್ಲ.

ನೌಕರರ ಸಂಬಳದಿಂದ ಹಿಡಿಯುವ ತೆರಿಗೆಗೆ ಇವರು ಬೇಕಾಗಿಲ್ಲ. ತಿಂಗಳ ಸಂಬಳ 25,000 ಮತ್ತು ಮೇಲಿದ್ದರೆ ತಿಂಗಳಿಗೆ 200 ರೂಪಾಯಿ, ಫೆಬ್ರವರಿ ತಿಂಗಳಿಗೆ ಮಾತ್ರ 300 (ಈ 300ರ ನಿಯಮ ಜಾರಿಗೆ ಬಂದಿದ್ದು 2025ರ ಏಪ್ರಿಲ್‌ನಲ್ಲಿ). ಪ್ರತಿ ತಿಂಗಳು 20ರೊಳಗೆ ನಾನೇ ಆನ್‌ಲೈನ್‌ನಲ್ಲಿ ಕಟ್ಟುತ್ತೇನೆ.

ಬೇಸರವಾದ ವಿಷಯಗಳೂ ಇವೆ. ಕಂಪನಿಯ ತೆರಿಗೆಗೆ ಏಪ್ರಿಲ್ 30 ಕೊನೆ ದಿನ. ಆ ವಾರವೇ ಅವರು ಫೋನ್ ಎತ್ತಲಿಲ್ಲ. ರಸೀದಿಗಳು ಬಂದಾಗ ಯಾವುದು ಯಾವ ಬ್ರಾಂಚಿನದು ಅಂತ ನಾನೇ ನೋಂದಣಿ ಸಂಖ್ಯೆ ಹಿಡಿದು ಹೊಂದಿಸಬೇಕಾಯಿತು. ಅವರ ಫೀಸೂ ಬ್ರಾಂಚ್ ಲೆಕ್ಕದಲ್ಲೇ. ನೋಂದಣಿ ಮಾಡಿಸುವಾಗ ಅದು ಸರಿ, ಆದರೆ ವರ್ಷವರ್ಷ ಬರೀ ಚಲನ್ ತೆಗೆಯಲು ನಾಲ್ಕು ಪಟ್ಟು ಯಾಕೆ? ಇದನ್ನು ಬಿಡಿಸಿ ಹೇಳಿದ ಮೇಲೆ ಎಲ್ಲಕ್ಕೂ ಸೇರಿ ಒಂದೇ ಫೀಸ್‌ಗೆ ಒಪ್ಪಿ ಬರೆದುಕೊಟ್ಟಿದ್ದಾರೆ. ಈ ವರ್ಷವೂ ಅವರಿಗೇ ಕೊಡುತ್ತಿದ್ದೇವೆ, ಚಲನ್ ಮಾತ್ರ ಏಪ್ರಿಲ್ ಮಧ್ಯದೊಳಗೆ ಬೇಕು ಅಂತ ಹೇಳಿದ್ದೇನೆ.